ಹಿಂದಿನ ಅಚ್ಚನ್ನು ಕಿರಿದುಗೊಳಿಸುವುದು

1964ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕೆಯ ಫೋರ್ಡ್ ಕಂಪೆನಿಯು ಮಸ್ಟಾಂಗ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಆ ದೇಶದ ಅಂದಿನ ಭಾರಿ ಕಾರುಗಳ ನಡುವೆ ಅದು ಚಿಕ್ಕದೆಂದೇ ಹೇಳಬೇಕು. ಅದನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಅನೇಕರಿದ್ದಾರೆ. ಅವರಲ್ಲಿ ಕೆಲವರಿಗೆ ಹಳೆಯ ಎಂಜಿನಿನಿಂದ ತೃಪ್ತಿಯಿಲ್ಲ. ಅದನ್ನು ತೆಗೆದು ಹೆಚ್ಚು ಶಕ್ತಿಯುಳ್ಳ ಎಂಜಿನನ್ನು ಕೂರಿಸುತ್ತಾರೆ. ಆದರೆ ಎಂಜಿನ್ ಹೊಸದಾದ ಮಾತ್ರಕ್ಕೆ ಅಚ್ಚು ಹೊಸದಾಗುವುದಿಲ್ಲ. ಆರು ಸಿಲಿಂಡರಿನ ಮಸ್ಟಾಂಗಿನ ಹಿಂದಿನ ಅಚ್ಚಿನಲ್ಲಿದ್ದ ಕ್ರೌನ್ ಚಕ್ರದ ವ್ಯಾಸ ಕೇವಲ 7¼ ಅಂಗುಲ. ಅದು ಹೊಸ ಎಂಜಿನಿನ ಬಲವನ್ನು ತಾಳಲಾರದು.

ಏಕೆ ತಾಳಲಾರದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಜಿನಿನ ತಿರುಚು ಬಲ 300 ನ್ಯೂಟನ್-ಮೀಟರು ಎಂದಿಟ್ಟುಕೊಳ್ಳಿ. ಮೊದಲನೆಯ ಗೇರಿನಲ್ಲಿ ಅದು ಮೂರು ಪಟ್ಟಾಗುತ್ತದೆ. ಪಿನಿಯನ್ನು ಮತ್ತು ಕ್ರೌನ್ ಚಕ್ರಗಳ ಮೂಲಕ ಹಾಯುವಾಗ ಮತ್ತೆ ಮೂರೂವರೆ ಪಟ್ಟು. ಘರ್ಷಣೆಯ ನಷ್ಟವನ್ನು ಬಿಟ್ಟರೆ ಒಟ್ಟು 3150. ಡಿಫರೆನ್ಷಿಯಲ್ ಇದನ್ನು ಎರಡು ಭಾಗ ಮಾಡುವುದರಿಂದ ಒಂದೊಂದು ಷಾಫ್ಟಿಗೆ 1575 ನ್ಯೂಟನ್-ಮೀಟರು ಬೀಳುವುದು. ಒಂದು ಮೀಟರು ಉದ್ದದ ಸನ್ನೆಯ ತುದಿಗೆ 160 ಕಿಲೋಗ್ರಾಂ ಭಾರವನ್ನು ತೂಗುಹಾಕಿದರೆ ಎಷ್ಟೋ ಅಷ್ಟು. ಷಾಫ್ಟು ಈ ತಿರುಚನ್ನು ಹೊರುವ ಸಾಮರ್ಥ್ಯವು ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಸುಮಾರು 30 ಮಿಲಿಮೀಟರಿನ ಷಾಫ್ಟಿನ ಬದಲು 33.5 ಮಿಲಿಮೀಟರಿನದನ್ನು ಹಾಕಿದರೆ ಗಾತ್ರದ ಹೆಚ್ಚಳ ಕಣ್ಣಿಗೆ ಅಷ್ಟಾಗಿ ಕಾಣದು. ಬಲವು ಮಾತ್ರ ಸುಮಾರು 1.4 ಪಟ್ಟಾಗುತ್ತದೆ. ಬೇರೆ ಗಾಡಿಯ ದಪ್ಪ ಅಚ್ಚನ್ನು ಹುಡುಕಿಕೊಂಡು ಹೋಗುವುದಕ್ಕೆ ಇದೇ ಕಾರಣ.

ಫೋರ್ಡ್ ಕಂಪೆನಿಯದೇ ಎಕ್ಸ್‌ಪ್ಲೋರರ್ ಎಂಬ ದೊಡ್ಡ ಗಾಡಿಯಲ್ಲಿ 1990ರ ದಶಕದಲ್ಲಿ 8.8 ಅಂಗುಲದ ಕ್ರೌನ್ ಚಕ್ರವುಳ್ಳ ಅಚ್ಚು ಇತ್ತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿದ್ದುದರಿಂದ ಇದು ಜನಪ್ರಿಯವಾಯಿತು. ಆದರೆ ಇದರ ಅಗಲ ಸುಮಾರು 59½ ಅಂಗುಲ, ಮಸ್ಟಾಂಗಿನದು 57¼. (ಅಗಲವನ್ನು ಟಯರಿನಿಂದ ಟಯರಿಗೆ ಅಳೆಯುವುದಲ್ಲ, ಎರಡು ಚಕ್ರಗಳು ಬೋಲ್ಟಿನಿಂದ ಕೂರುವ ಮುಖಗಳ ನಡುವಿನ ಅಂತರವನ್ನು ಅಳೆಯತಕ್ಕದ್ದು.) ಹಾಗೆಯೇ ಜೋಡಿಸಿದರೆ ಒಂದೊಂದು ಪಕ್ಕಕ್ಕೂ ಅಂಗುಲಕ್ಕಿಂತ ಹೆಚ್ಚಾಗಿ ಚಾಚಿಕೊಂಡು, ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜುವ ಸಂಭವವುಂಟು. ಆದುದರಿಂದ ಅಚ್ಚನ್ನು ಕತ್ತರಿಸಲೇಬೇಕು.

ಇಲ್ಲಿ ಒಂದು ಸೊಗಸಾದ ಉಪಾಯವಿದೆ. ಎಕ್ಸ್‌ಪ್ಲೋರರಿನ ಅಚ್ಚಿನಲ್ಲಿ ಡಿಫರೆನ್ಷಿಯಲ್ ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಹೀಗಾಗಿ ಎಡಗಡೆಯ ಕೊಳವೆ ಬಲಗಡೆಯದಕ್ಕಿಂತ ಸುಮಾರು ಮೂರು ಅಂಗುಲ ಉದ್ದ. ಎಡಗಡೆಯ ಕೊಳವೆಯಲ್ಲಿ ಅಷ್ಟನ್ನು ಕತ್ತರಿಸಿ ತೆಗೆದು, ಇನ್ನೊಂದು ಅಚ್ಚಿನಿಂದ ಬಲಗಡೆಯ ಗಿಡ್ಡ ಷಾಫ್ಟನ್ನು ತಂದು ಹಾಕಿದರೆ ಎರಡು ಪಕ್ಕಗಳೂ ಸಮವಾಗುತ್ತವೆ, ಅಗಲವೂ 56½ ಅಂಗುಲಕ್ಕೆ ಇಳಿಯುತ್ತದೆ. ಉಳಿದ ಅಲ್ಪ ವ್ಯತ್ಯಾಸವನ್ನು ತಕ್ಕ ಚಕ್ರಗಳನ್ನು ಆರಿಸಿ ಸರಿದೂಗಿಸಬಹುದು. ಷಾಫ್ಟಿಗೆ ಗರಗಸ ತಾಕಿಸಬೇಕಾಗಿಲ್ಲವೆಂಬುದೇ ಇದರ ಹೆಚ್ಚುಗಾರಿಕೆ.

ಷಾಫ್ಟನ್ನೇ ಕತ್ತರಿಸಿ ಬೆಸೆದರೆ ಆಗದೆ? ಆಗದು. ಷಾಫ್ಟಿನ ಉಕ್ಕನ್ನು ಕಾಯಿಸಿ ತಣಿಸಿ ಹೊರಮೈಯನ್ನು ಗಡುಸು ಮಾಡಿರುತ್ತಾರೆ. ತಿರುಚಿನ ಒತ್ತಡ ಅತ್ಯಧಿಕವಾಗಿರುವುದೂ ಹೊರಮೈಯಲ್ಲಿಯೇ. ಬೆಸುಗೆಯ ಶಾಖ ತಾಗಿದ ಕಡೆ ಆ ಗಡಸು ಕೆಡುತ್ತದೆ. ಬೇಗನೆ ತಣಿದ ಭಾಗ ಗಾಜಿನಂತೆ ಪೆಡಸಾಗುತ್ತದೆ. ಎಕ್ಸ್‌ಪ್ಲೋರರಿನ ಅಚ್ಚಿನಲ್ಲಿ ಷಾಫ್ಟನ್ನು ಹಿಡಿದಿಡುವುದು ಒಳತುದಿಯಲ್ಲಿರುವ ಒಂದು ಸಣ್ಣ ಕ್ಲಿಪ್ಪು ಮಾತ್ರ. ಓಡುವ ಗಾಡಿಯಲ್ಲಿ ಷಾಫ್ಟು ಮುರಿದರೆ ಹೊರಗಿನ ತುಂಡು ಚಕ್ರದ ಸಮೇತ ಕಳಚಿಕೊಂಡು ಬರಬಹುದು. ಗಿಡ್ಡ ಷಾಫ್ಟು ಸಿಕ್ಕದಿದ್ದಲ್ಲಿ ಹೊಸದನ್ನೇ ಮಾಡಿಸಬೇಕು. ಅಥವಾ ಒಳತುದಿಯ ದಪ್ಪ ಸಾಕಷ್ಟಿದ್ದರೆ ಅಲ್ಲಿ ಹೊಸದಾಗಿ ಸ್ಪ್ಲೈನ್ ಹಲ್ಲುಗಳನ್ನು ಕೊರೆಯಿಸಬೇಕು.

ಕೊಳವೆಗೆ ಬೆಸುಗೆ ಹಾಕಬಹುದು, ಏಕೆಂದರೆ ಅದು ತಿರುಗುವ ಅಂಗವಲ್ಲ. ಆದರೆ ಕೆಲಸದ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಡಿಫರೆನ್ಷಿಯಲಿನ ಬೇರಿಂಗುಗಳ ಜಾಗದಲ್ಲಿಯೂ ಕೊಳವೆಯ ತುದಿಯ ಬೇರಿಂಗಿನ ಜಾಗದಲ್ಲಿಯೂ ಲೇತಿನಲ್ಲಿ ಕಡೆದ ಬಿಲ್ಲೆಗಳನ್ನು ಕೂರಿಸಿ, ಅವುಗಳ ನಡುರಂಧ್ರದಲ್ಲಿ ಒಂದು ನೇರವಾದ ಉಕ್ಕಿನ ಸರಳನ್ನು ತೂರಿಸುತ್ತಾರೆ. ಕತ್ತರಿಸಿದ ತುದಿ ಆ ಸರಳಿನ ಮೇಲೆಯೇ ಸರಿದು ಬಂದು ತನ್ನ ನೆಲೆ ಸೇರುತ್ತದೆ. ಮೊದಲು ನಾಲ್ಕು ಕಡೆ ಚುಕ್ಕೆ ಬೆಸುಗೆ. ಅನಂತರ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆಯುತ್ತ, ನಡುನಡುವೆ ಆರಲು ಬಿಡುತ್ತ ಸಾಗಬೇಕು. ಬೆಸುಗೆಯ ಲೋಹ ಆರುವಾಗ ಕುಗ್ಗಿ ಕೊಳವೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಸರಳು ಕೈಬಲದಿಂದಲೇ ಸಲೀಸಾಗಿ ಹೊರಬಂದರೆ ಸರಿ. ಬಿಗಿದುಕೊಂಡರೆ ಕೊಳವೆ ಬಾಗಿದೆಯೆಂದು ತಿಳಿಯಬೇಕು. ಬಾಗಿದ ಕೊಳವೆಯಲ್ಲಿ ಷಾಫ್ಟು ಸುತ್ತು ಸುತ್ತಿಗೂ ಇತ್ತ ಬಗ್ಗಿ ಅತ್ತ ಬಗ್ಗಿ ತಿರುಗುತ್ತದೆ. ಚಕ್ರದ ಪರಿಧಿ ಎರಡು ಮೀಟರೆಂದು ಹಿಡಿದರೆ ಸಾವಿರ ಕಿಲೋಮೀಟರಿಗೆ ಐದು ಲಕ್ಷ ಸುತ್ತು. ಯಾವ ಉಕ್ಕಾದರೂ ಇಂತಹ ಬಗ್ಗಾಟದಿಂದ ದಣಿದು ಬಿರುಕು ಬಿಡಬಹುದು.

ಸ್ಪ್ರಿಂಗು ಪಟ್ಟಿಗಳು ಕೂರುವ ಪೀಠಗಳನ್ನು ಕಟ್ಟಕಡೆಗೆ, ಗಾಡಿಯ ಭಾರವೆಲ್ಲ ಸ್ಪ್ರಿಂಗುಗಳ ಮೇಲಿರುವಾಗ ಗುರುತಿಸಿ ಬೆಸೆಯುತ್ತಾರೆ. ಪಿನಿಯನ್ನಿನ ಮೂತಿ ಎಷ್ಟು ಮೇಲಕ್ಕೆ ನೋಡಬೇಕೆಂಬುದನ್ನು ನಿರ್ಧರಿಸುವುದು ಈ ಪೀಠಗಳೇ. ಯೂನಿವರ್ಸಲ್ ಜಾಯಿಂಟು 10 ಡಿಗ್ರಿ ಬಾಗಿದ್ದರೆ, ಒಂದು ಷಾಫ್ಟು ಸಮವೇಗದಲ್ಲಿ ತಿರುಗಿದರೂ ಇನ್ನೊಂದರ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ನೂರಕ್ಕೆ ಒಂದೂವರೆಯಷ್ಟು ಏರಿ ಇಳಿಯುತ್ತದೆ. ಪ್ರೊಪೆಲ್ಲರ್ ಷಾಫ್ಟಿನ ಎರಡು ತುದಿಗಳ ಕೋನಗಳು ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುವುದು. ಆದರೆ ಗಾಡಿ ಜೋರಾಗಿ ಹೊರಡುವಾಗ ಸ್ಪ್ರಿಂಗು ಪಟ್ಟಿಗಳು ಸುರುಳಿಯಂತೆ ಬಾಗಿ ಪಿನಿಯನ್ನಿನ ಮೂತಿಯನ್ನು ಮೇಲಕ್ಕೆತ್ತುತ್ತವೆ. ಈ ಕಾರಣದಿಂದ ಬಲ್ಲ ಕೆಲಸಗಾರನು ನಿಂತ ಗಾಡಿಯಲ್ಲಿ ಅದನ್ನು ಒಂದೆರಡು ಡಿಗ್ರಿ ತಗ್ಗಿಸಿಯೇ ಪೀಠಗಳನ್ನು ಬೆಸೆಯುತ್ತಾನೆ.