ಉಳಿದಿರುವ ವರುಷಗಳ ಬೆಲೆ

ಅಗ್ಗದ ಮೊಬೈಲ್ ಫೋನನ್ನು ಕೊಳ್ಳಹೊರಟವನು ಬೆಲೆಯನ್ನು ಕೇಳುವುದಕ್ಕೂ ಮುಂಚೆ ಅದರಲ್ಲಿ ಇನ್ನೆಷ್ಟು ವರುಷದ ಆಯುಷ್ಯ ಉಳಿದಿದೆಯೆಂದು ವಿಚಾರಿಸತಕ್ಕದ್ದೆಂಬ ಅಭಿಪ್ರಾಯ ನನ್ನಲ್ಲಿ ದೃಢಪಟ್ಟದ್ದು, ಈ ಮಳೆಗಾಲಕ್ಕೆ ಮುನ್ನ ಹಳೆಯ ಫೋನಿಗೆ ವಿರಾಮವಿತ್ತು ಹೊಸದೊಂದನ್ನು ಮನೆಗೆ ತಂದ ಸಂದರ್ಭದಲ್ಲಿ. ಹಳೆಯದರ ಪರದೆ ಒಡೆದಿರಲಿಲ್ಲ, ಧ್ವನಿ ಕುಗ್ಗಿರಲಿಲ್ಲ, ಬ್ಯಾಟರಿಯೂ ಸಾಯಂಕಾಲದವರೆಗೆ ಹೇಗೋ ತಡೆಯುತ್ತಿತ್ತು. ಆದರೆ ಅದಕ್ಕೆ ಭದ್ರತೆಯ ಅಪ್‌ಡೇಟ್‌ಗಳು ಬರುವುದು ನಿಂತು ಬಹುಕಾಲವಾಗಿತ್ತು. ಕೊನೆಗೆ ಬ್ಯಾಂಕಿನ ಆ್ಯಪ್ ಕೂಡ ಅಷ್ಟು ಹಳೆಯ ಆಂಡ್ರಾಯ್ಡಿನಲ್ಲಿ ತೆರೆದುಕೊಳ್ಳದಾಯಿತು. ದೇಹ ಗಟ್ಟಿಯಾಗಿರುವಾಗಲೇ ಯಂತ್ರವೊಂದು ನಿರುಪಯುಕ್ತವಾಗುವುದು ನಮ್ಮ ಕಾಲದ ಒಂದು ದೊಡ್ಡ ಅಪವ್ಯಯವೆಂದೇ ನಾನು ಭಾವಿಸುತ್ತೇನೆ.

ಮೀಯಪದವು, ಚಿಗುರುಪಾದೆ, ಮಜಿಬೈಲು, ಕುಳೂರುಗಳೆಂದು ಗುಡ್ಡಬೈಲುಗಳ ನಡುವೆ ಚೆದರಿ ಹರಡಿರುವ, ಕೇರಳದ ಗಡಿನಾಡಿನ ನಮ್ಮ ಮೀಂಜದಲ್ಲಿ ಬ್ಯಾಂಕಿನ ಆ್ಯಪ್ ವಿಲಾಸದ ವಸ್ತುವಲ್ಲ. ಚಾಲಿ ಅಡಕೆ ಮಾರಿದ ಹಣ ಖಾತೆಗೆ ಬೀಳುವುದೂ, ತೆಂಗು ಕೊಯ್ಯುವವನ ಕೂಲಿ ಯುಪಿಐ ಮೂಲಕ ಅವನ ಕೈಸೇರುವುದೂ, ಗಡಿಯಾಚೆ ಮಂಗಳೂರಿನ ಆಸ್ಪತ್ರೆಯಲ್ಲಿ ಬಿಲ್ಲು ಪಾವತಿಯಾಗುವುದೂ ಇದೇ ಅಂಗೈಯಗಲದ ಗಾಜಿನ ಮೇಲೆ. ಆದಕಾರಣ ಫೋನಿನ ಖರ್ಚನ್ನು ನಾನು ಗೊಬ್ಬರ, ಮದ್ದುಗಳ ಖರ್ಚಿನ ಸಾಲಿನಲ್ಲೇ ಬರೆದಿಡುತ್ತೇನೆ.

ಅಂಗಡಿಯಲ್ಲಿ ತೋರಿಸಲ್ಪಟ್ಟ ಫೋನುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಮಾರುಕಟ್ಟೆಗೆ ಬಂದು ಒಂದೂವರೆ ವರುಷ ಸಂದಿತ್ತು. ತಯಾರಕರು ಅಪ್‌ಡೇಟ್‌ಗಳ ವಾಗ್ದಾನವನ್ನು ಸಾಮಾನ್ಯವಾಗಿ ಆ ಮಾದರಿ ಮೊದಲು ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆಯೇ ಹೊರತು ನಾವು ಹಣ ತೆತ್ತ ದಿನದಿಂದಲ್ಲ. ಮೂರು ವರುಷದ ಭರವಸೆಯುಳ್ಳ ಫೋನನ್ನು ಒಂದೂವರೆ ವರುಷ ತಡವಾಗಿ ಕೊಂಡವನಿಗೆ ದೊರಕುವುದು ಅರ್ಧ ಮಾತ್ರ. ತೋಟ ಕೊಳ್ಳುವವನು ಅಡಕೆಮರದ ಪ್ರಾಯವನ್ನು ಕೇಳದೆ ಮುಂಗಡ ಕೊಡುವುದುಂಟೇ? ಅಪ್‌ಡೇಟ್‌ಗಳ ಅವಧಿಯ ವಿವರವಾದರೋ ಫೋನಿನ ಪೆಟ್ಟಿಗೆಯ ಮೇಲೆ ಎಲ್ಲಿಯೂ ಕಾಣಲಿಲ್ಲ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗಳು ಮಾತ್ರ ದೊಡ್ಡ ಅಂಕೆಗಳಲ್ಲಿದ್ದುವು. ತಯಾರಕರ ಜಾಲತಾಣವನ್ನು ಅಲ್ಲಿಯೇ ನಿಂತು ನೋಡಿ, ಇನ್ನೂ ನಾಲ್ಕು ವರುಷದ ಭದ್ರತಾ ಅಪ್‌ಡೇಟ್ ಬಾಕಿಯಿರುವ ಒಂದನ್ನು 11,999 ರೂಪಾಯಿಗೆ ಆರಿಸಿದೆ. 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎ16 5ಜಿ ಎಂಬ ಸಾಧಾರಣ ಬೆಲೆಯ ಫೋನಿಗೆ ಆರು ವರುಷಗಳ ವಾಗ್ದಾನವಿತ್ತದ್ದನ್ನು ನೋಡಿದರೆ, ಕೊಳ್ಳುವವರು ಕೇಳತೊಡಗಿದರೆ ಉಳಿದವರೂ ಕೊಡಬಹುದೆಂಬ ಆಶೆ ನನಗಿದೆ.

ಗಡಿಯ ಈಚೆಗಿನ ಉಪ್ಪಳದಲ್ಲಿ ಕೊಳ್ಳುವುದೋ ಮಂಗಳೂರಿಗೆ ಹೋಗುವುದೋ ಎಂಬ ಚರ್ಚೆ ನಮ್ಮಲ್ಲಿ ಈಗಲೂ ನಡೆಯುತ್ತದೆ. ಆಯಾ ರಾಜ್ಯ ತನ್ನದೇ ತೆರಿಗೆ ವಿಧಿಸುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ತಲಪಾಡಿ ಗಡಿಯ ಈಚೆಗೂ ಆಚೆಗೂ ತೆರಿಗೆ ಒಂದೇ. ಫೋನಿಗೆ ಮೊದಲು ಶೇಕಡಾ 12 ಇದ್ದದ್ದು 2020ರ ಏಪ್ರಿಲ್ 1ರಿಂದ ಶೇಕಡಾ 18 ಆಯಿತು. ನಾನು ತೆತ್ತ ಮೊತ್ತದಲ್ಲಿ ಸುಮಾರು 1,830 ರೂಪಾಯಿ ತೆರಿಗೆಯೇ.

ಕಂತಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಬಡ್ಡಿಯಿಲ್ಲದ ಇಎಂಐ ಎಂದು ಅಂಗಡಿಯವರು ಬಹಳ ಆದರದಿಂದ ಹೇಳಿದರು. ಶೂನ್ಯ ಬಡ್ಡಿಯೆಂಬುದು ವಸ್ತುತಃ ಇಲ್ಲವೆಂದೂ, ಬಡ್ಡಿಯ ಅಂಶವನ್ನು ಸಂಸ್ಕರಣಾ ಶುಲ್ಕದಲ್ಲಿ ಅಡಗಿಸಿ ವಸೂಲು ಮಾಡಲಾಗುತ್ತದೆಂದೂ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಇಂದಿನ ಕ್ರಮದಲ್ಲಿ ಬಡ್ಡಿಯಷ್ಟು ಹಣವನ್ನು ರಿಯಾಯಿತಿಯೆಂದು ಮೊದಲೇ ಕಳೆದು ತೋರಿಸುವರು. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿಯೂ ಶುಲ್ಕವೂ ಕೊಂಡವನ ಪಾಲಿಗೇ ಉಳಿಯುತ್ತವೆ. ಅಲ್ಲದೆ ಅಡಕೆ ಕೃಷಿಕನ ಆದಾಯ ತಿಂಗಳು ತಿಂಗಳು ಬರುವಂಥದ್ದಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕೈ ಬರಿದಾಗಿರುವಾಗಲೂ ಕಂತು ತಪ್ಪದೆ ಬಾಗಿಲು ತಟ್ಟುತ್ತದೆ. ಆದ್ದರಿಂದ ಬೇಸಗೆಯಲ್ಲಿ ಚಾಲಿ ಕೊಟ್ಟ ಹಣದಿಂದಲೇ ಪೂರ್ಣ ಮೊತ್ತವನ್ನು ಸಲ್ಲಿಸಿದೆ.

ಇನ್ನು ಫೋನಿನ ಸ್ವಭಾವ. ಮೊದಲು ಸಂತೋಷ ಕೊಟ್ಟದ್ದು ಅಕ್ಷರ: ಹಳೆಯ ಚಿಕ್ಕ ಪರದೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮಸುಕಾಗುತ್ತಿದ್ದ ಒತ್ತಕ್ಷರಗಳು ಇಲ್ಲಿ ಬಿಡಿಬಿಡಿಯಾಗಿ ನಿಚ್ಚಳವಾಗಿ ನಿಂತುವು. ಸಿಮ್ಮು ಕೇರಳದ ವರ್ತುಲಕ್ಕೆ ಸೇರಿದ್ದಾದ್ದರಿಂದ ಕಂಪೆನಿಯ ಧ್ವನಿಮುದ್ರಿತ ಪ್ರಕಟಣೆಗಳು ಮಲೆಯಾಳದಲ್ಲಿ ಬರುತ್ತವೆ; ಫೋನಿನ ಮೆನುವಾದರೂ ಆದ್ಯಂತ ಕನ್ನಡದಲ್ಲಿರುವುದು ಗಡಿನಾಡಿನ ಮನಸ್ಸಿಗೆ ಎಂಥ ಸಮಾಧಾನವೆಂಬುದನ್ನು ಬೇರೆಡೆಯವರಿಗೆ ವಿವರಿಸುವುದು ಕಷ್ಟ. ನಡುಹಗಲಿನ ಬಿಸಿಲಿನಲ್ಲಿ, ಅಡಕೆ ಹರವಿದ ಅಂಗಳದಲ್ಲಿ, ಪರದೆ ಓದಲು ಬಾರದು, ಜಗಲಿಗೆ ಬರಬೇಕು. ಬೆರಳಚ್ಚಿನ ಬೀಗ ನನ್ನ ಬಲಗೈ ಹೆಬ್ಬೆರಳನ್ನು ಪದೇ ಪದೇ ನಿರಾಕರಿಸಿತು: ವರುಷಗಟ್ಟಲೆ ಅಡಕೆ ಸುಲಿದು, ಸುಣ್ಣ ಮೈಲುತುತ್ತುಗಳ ಮದ್ದು ಕಲಸಿ ಸವೆದ ಬೆರಳಿನಲ್ಲಿ ರೇಖೆಗಳು ಉಳಿದಿರುವುದೇ ಕಡಿಮೆ. ಎಡಗೈಯ ಉಂಗುರಬೆರಳನ್ನು ನೋಂದಾಯಿಸಿದ ಮೇಲೆ ತಕ್ಷಣ ತೆರೆಯಿತು. ಈ ಕೆಲಸದಲ್ಲಿರುವ ಎಲ್ಲರಿಗೂ ಹಾಗೆ ಮಾಡಿರೆಂದು ಹೇಳುತ್ತೇನೆ, ಹಣ ಪಾವತಿಸುವ ಹೊತ್ತಿಗೆ ಪರದಾಟ ತಪ್ಪುತ್ತದೆ. ಸಿಡಿಲುಮಳೆಗೆ ಕರೆಂಟು ಹೋದ ದಿನ 5,000 ಎಂಎಎಚ್ ಬ್ಯಾಟರಿ ಮರುದಿನ ಮಧ್ಯಾಹ್ನದವರೆಗೆ ನಿಂತಿತು. 5ಜಿ ಗುಡ್ಡ ಹತ್ತಿದರೆ ಉಂಟು, ಬೈಲಿಗಿಳಿದರೆ ಇಲ್ಲ.

11,999ನ್ನು ನಾಲ್ವತ್ತೆಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಅದಕ್ಕೆ ಉಣಿಸುವ ರೀಚಾರ್ಜಿನ ಲೆಕ್ಕ ಇದಕ್ಕಿಂತ ಭಾರ. 28 ದಿನಗಳಿಗೆ 299 ರೂಪಾಯಿಯ ಯೋಜನೆಯನ್ನು ಹಾಕಿಸುವವನು ವರುಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ತೆರಬೇಕು. ಮೊತ್ತ 3,887, ನಾಲ್ಕು ವರುಷಕ್ಕೆ 15,548. ಫೋನಿಗಿಂತ ರೀಚಾರ್ಜೇ ದುಬಾರಿ! 30 ದಿನಗಳ ಯೋಜನೆಯನ್ನೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಕಂಪೆನಿಗಳಿಗೆ ಆಜ್ಞಾಪಿಸಿದೆ. ಫೋನಿನ ಬೆಲೆಯಲ್ಲಿ ಐನೂರು ಉಳಿಸಲು ಊರೂರು ಅಲೆಯುವವರು, ಆ ಯೋಜನೆ ಯಾವುದೆಂದು ಒಮ್ಮೆಯಾದರೂ ಕೇಳಿ ತೂಗಿ ನೋಡಬೇಕು.

ಹಳೆಯ ಫೋನಿಗೆ ಅಂಗಡಿಯಲ್ಲಿ ಹೇಳಿದ ವಿನಿಮಯದ ಬೆಲೆ ತೀರ ಅಲ್ಪವಾಗಿತ್ತು. ಅದರೊಳಗಿನ ಯುಪಿಐ ಖಾತೆಗಳನ್ನು ತೆಗೆದು, ಎಲ್ಲವನ್ನೂ ಅಳಿಸಿ, ತಾಯಿಗೆ ಕೊಟ್ಟೆ. ಆಕೆಗೆ ಬೇಕಾದದ್ದು ವಿಟ್ಲದ ತಂಗಿಯೊಡನೆ ಮಾತಾಡುವುದು ಮಾತ್ರ. ಡೇಟಾ ಬೇಡವಾದವರಿಗಾಗಿ ಮಾತು ಮತ್ತು ಸಂದೇಶಗಳ ಪ್ರತ್ಯೇಕ ಯೋಜನೆಯನ್ನು ಒದಗಿಸಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿ, ಅವಧಿಯನ್ನು 365 ದಿನಗಳವರೆಗೆ ಇಡಲು ಅವಕಾಶವಿತ್ತಿರುವುದರಿಂದ, ಅಂಥದೊಂದನ್ನು ಹಾಕಿಸಿದ್ದೇನೆ.