ಮೇದೋಜ್ಜೀರಕದ ತೀವ್ರ ಉರಿಯೂತ ಮತ್ತು ಕೋಶಗಳ ಅಂಟುಅಣುಗಳು

ಮೇದೋಜ್ಜೀರಕ ಗ್ರಂಥಿಯ ಟ್ರಿಪ್ಸಿನೋಜನ್ ಸಣ್ಣ ಕರುಳು ತಲುಪಿದ ಮೇಲಷ್ಟೇ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಆಗಬೇಕು. ಪಿತ್ತಕೋಶದ ಕಲ್ಲು ಅಥವಾ ಮದ್ಯದ ದೆಸೆಯಿಂದ ಅದು ಗ್ರಂಥಿಯೊಳಗೇ ಚುರುಕಾದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಹಾನ್ಸ್ ಕಿಯಾರಿ 1896ರಲ್ಲೇ ಈ ವಾದ ಮುಂದಿಟ್ಟಿದ್ದರು.

ರೋಗಿಯನ್ನು ಐಸಿಯುಗೆ ತಲುಪಿಸುವುದು ಮಾತ್ರ ಬಹುಪಾಲು ಇದರ ಬೆನ್ನಿಗೇ ಬರುವ ಉರಿಯೂತ. ಅದರ ಸೂತ್ರ, ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಅಂಟುಅಣುಗಳ ಕೈಯಲ್ಲಿದೆ. ರಕ್ತದೊಡನೆ ಓಡುತ್ತಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನು ಮೊದಲು ಸೆಲೆಕ್ಟಿನ್ ಎಂಬ ಅಂಟುಅಣುಗಳು ತಡೆದು, ನಾಳದ ಒಳಗೋಡೆಯ ಮೇಲೆ ನಿಧಾನವಾಗಿ ಉರುಳಿಸುತ್ತವೆ. ಪಿ-ಸೆಲೆಕ್ಟಿನ್ ಗೋಡೆಯ ಕೋಶಗಳಲ್ಲಿ ಮೊದಲೇ ದಾಸ್ತಾನಾಗಿದ್ದು ನಿಮಿಷಗಳಲ್ಲಿ ಮೇಲೆ ಬರುತ್ತದೆ. ಇ-ಸೆಲೆಕ್ಟಿನ್ ಹೊಸದಾಗಿ ತಯಾರಾಗಬೇಕಾದ್ದರಿಂದ ಗಂಟೆಗಳು ಬೇಕು. ಬಳಿಕ ಕಣದ ಮೇಲಿನ ಇಂಟೆಗ್ರಿನ್ ಎಂಬ ಅಂಟುಅಣು ಗೋಡೆಯ ಐಕ್ಯಾಮ್-1 ಎಂಬ ಅಂಟುಅಣುವನ್ನು ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ ಪೀಕ್ಯಾಮ್-1 ಎಂಬ ಇನ್ನೊಂದು ಅಂಟುಅಣುವಿನ ನೆರವಿನಿಂದ ಕಣ ಕೋಶಗಳ ನಡುವೆ ನುಸುಳಿ ಅಂಗಾಂಶಕ್ಕಿಳಿಯುತ್ತದೆ.

ಪಿ-ಸೆಲೆಕ್ಟಿನ್‌ನ ಆ ದಾಸ್ತಾನು ಚೀಲಗಳಿಗೆ ವೈಬಲ್-ಪಲಾಡೆ ಕಾಯಗಳೆಂದು ಹೆಸರು. ಆ ಹೆಸರಿನಲ್ಲಿರುವ, 1974ರ ನೊಬೆಲ್ ಹಂಚಿಕೊಂಡ ಜಾರ್ಜ್ ಪಲಾಡೆ, ಪ್ರೋಟೀನ್ ಸ್ರವಿಕೆಯ ಹಾದಿಯನ್ನು ಗುರುತಿಸಿದ್ದೂ ಮೇದೋಜ್ಜೀರಕದ ಕೋಶಗಳಲ್ಲೇ ಎಂಬುದು ಸ್ವಾರಸ್ಯಕರ.

ನ್ಯೂಟ್ರೋಫಿಲ್‌ಗಳು ಅಂಟಿ ನುಸುಳುವ ಇದೇ ನಾಟಕ ಶ್ವಾಸಕೋಶದಲ್ಲೂ ನಡೆದರೆ ಉಸಿರಾಟವೇ ಕುಸಿಯುತ್ತದೆ. ಐಕ್ಯಾಮ್-1 ಇಲ್ಲದ ಇಲಿಗಳಲ್ಲಿ ಗ್ರಂಥಿಗೂ ಶ್ವಾಸಕೋಶಕ್ಕೂ ಆಗುವ ಹಾನಿ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಆದರೂ ಆಸ್ಪತ್ರೆಯ ಚಿಕಿತ್ಸೆ ಇಂದಿಗೂ ಡ್ರಿಪ್, ನೋವುನಿವಾರಕ ಮತ್ತು ಸಾಧ್ಯವಾದಷ್ಟು ಬೇಗ ಆಹಾರದ ಸುತ್ತಲೇ ಇದೆ.