ಹಳೆ ಸೀರೆಯ ಅಂಚು, ಹರಿದ ಸರದ ಮಣಿ

ಹರಿದ ಸರವೊಂದನ್ನು ಕೈಗೆತ್ತಿಕೊಂಡು ನೋಡಿ. ಮಣಿಗಳು ನೆಟ್ಟಗಿರುತ್ತವೆ, ದಾರ ಹೋಗಿರುತ್ತದೆ. ಡಬ್ಬಿಯ ತಳ ಸೇರಿದ ಜುಮುಕಿಯ ಬುಟ್ಟಿ ಚೆನ್ನಾಗಿಯೇ ಇರುತ್ತದೆ, ಕೊಕ್ಕೆ ಮುರಿದಿರುತ್ತದೆ. ಇಳಕಲ್ ಸೀರೆಯ ಒಡಲು ಅಲ್ಲಲ್ಲಿ ಪಿಸಿದಿದ್ದರೂ ಸೆರಗು ಗಟ್ಟಿಯಾಗಿರುತ್ತದೆ, ಏಕೆಂದರೆ ಆ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಹಳೆಯ ವಸ್ತುಗಳಿಂದ ಒಡವೆ ಮಾಡಲು ಹೊರಟವರು ಮೊದಲು ಗಮನಿಸಬೇಕಾದ್ದು ಇದನ್ನೇ. ಕೆಟ್ಟಿರುವುದು ಬಹುಪಾಲು ಜೋಡಣೆ, ಸಾಮಗ್ರಿಯಲ್ಲ. ಹಾಗಾಗಿ ಮಣಿ, ಬಟ್ಟೆ, ಗುಂಡಿ, ಪದಕ ಎಲ್ಲವೂ ಹಳೆಯದಿರಲಿ. ದಾರ, ಕಿವಿಯ ಕೊಕ್ಕೆ, ಕೊಂಡಿ, ಚೂರುಗಳನ್ನು ಒಂದಕ್ಕೊಂದು ಸೇರಿಸುವ ಬಾಯಿ ಸೀಳಿದ ಪುಟ್ಟ ಉಂಗುರ (ಜಂಪ್ ರಿಂಗ್) ಮಾತ್ರ ಹೊಸದಿರಲಿ. ಅವುಗಳಲ್ಲಿ ಉಳಿತಾಯ ಮಾಡಹೋದರೆ ಎಷ್ಟು ಚೆಂದದ ಸರವೂ ಮದುವೆ ಮನೆಯಲ್ಲೇ ಹರಿದು ಚೆಲ್ಲಾಪಿಲ್ಲಿಯಾಗುತ್ತದೆ.

ಎಲ್ಲಿ ಹುಡುಕಬೇಕು?

ಮೊದಲು ಮನೆಯ ಪೆಟ್ಟಿಗೆ. ಎರಡನೆಯದು ನಿಮ್ಮ ಬೀದಿಯ ದರ್ಜಿ ಅಂಗಡಿ. ಬ್ಲೌಸ್ ಹೊಲಿದ ಮೇಲೆ ಉಳಿಯುವ ರೇಷ್ಮೆ ಚೂರು, ಗುಳೇದಗುಡ್ಡದ ಖಣದ ತುಂಡು, ಅಂಚಿನ ಪಟ್ಟಿಗಳನ್ನು ಕೇಳಿದರೆ ಬಹಳಷ್ಟು ದರ್ಜಿಗಳು ಚೀಲ ತುಂಬಿಸಿಯೇ ಕೊಡುತ್ತಾರೆ. ಮೂರನೆಯದು ಗುಜರಿ. ಬೆಂಗಳೂರಿನಲ್ಲಿ ಬಿವಿಕೆ ಅಯ್ಯಂಗಾರ್ ರಸ್ತೆಯ ಸುತ್ತ ಭಾನುವಾರ ಸೇರುವ ಸಂಡೇ ಬಜಾರ್‌ನಂಥ ಕಡೆ ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿ ಒಡವೆಯನ್ನೇ ಹುಡುಕಬೇಡಿ. ಹಿತ್ತಾಳೆಯ ಹಳೆ ಬೀಗದ ಕೈ, ಬೆಲ್ಟಿನ ಬಕಲ್, ಗೆಜ್ಜೆ, ಕೈಗಡಿಯಾರದ ಚೈನು, ಕೋಟಿನ ಲೋಹದ ಗುಂಡಿ, ಇವೇ ನಾಳೆಯ ಪದಕಗಳು. ನನ್ನ ಮಟ್ಟಿಗೆ ಗುಜರಿಯ ನಿಜವಾದ ನಿಧಿಯೆಂದರೆ ಕಾರಿನ ಸೀಟಿಗೆ ಹಾಕುವ ಮರದ ಮಣಿಯ ಹೊದಿಕೆ. ಒಂದೆರಡು ಕಡೆ ಕಿತ್ತುಹೋಗಿದ್ದರೂ ಅದರಲ್ಲಿ ನೂರಾರು ಮಣಿ ಸಿಗುತ್ತವೆ, ಎಲ್ಲಕ್ಕೂ ತೂತು ಮೊದಲೇ ಇರುತ್ತದೆ.

ಹೊಸದಾಗಿ ಕೊಳ್ಳಬೇಕಾದ ಕೊಕ್ಕೆ, ರಿಂಗು, ದಾರಗಳಿಗೆ ಬೆಂಗಳೂರಿನವರು ಮಾಮೂಲ್‌ಪೇಟೆಗೋ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೋ ಹೋಗಬಹುದು. ಬೇರೆ ಊರುಗಳಲ್ಲಿ ಸೀರೆಗೆ ಕುಚ್ಚು ಕಟ್ಟುವವರನ್ನು ಕೇಳಿ. ದಾರ, ಮಣಿ ಎಲ್ಲಿ ಸಿಗುತ್ತವೆಂದು ಅವರಿಗೆ ಗೊತ್ತೇ ಇರುತ್ತದೆ. ಉಪಕರಣ ಹೆಚ್ಚೇನೂ ಬೇಡ. ಚಪ್ಪಟೆ ಮೂತಿಯ ಇಕ್ಕಳ ಒಂದು, ದುಂಡು ಮೂತಿಯದು ಒಂದು, ಹರಿತವಾದ ಕತ್ತರಿ, ಸೂಜಿ, ಫೆವಿಕಾಲ್ ಇದ್ದರೆ ಸಾಕು.

ಮುಟ್ಟಬಾರದವು

ಗುಲಗಂಜಿ ನೋಡಲು ಎಷ್ಟು ಮುದ್ದಾಗಿದ್ದರೂ ಬೇಡ. ಹಿಂದೆ ಚಿನ್ನ ತೂಗುತ್ತಿದ್ದ ಈ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿ ಸಿಪ್ಪೆ ಇರುವತನಕ ಅದು ಒಳಗೇ ಉಳಿದಿರುತ್ತದೆ. ಮಣಿ ಮಾಡಲೆಂದು ತೂತು ಕೊರೆದರೆ ಆ ರಕ್ಷಣೆಯೇ ಹೋಯಿತು. ನಾಣ್ಯಕ್ಕೂ ತೂತು ಹಾಕಬೇಡಿ. ನಾಣ್ಯ ಕರಗಿಸುವುದು, ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾಸಿನ ಸರದ ಆಸೆಗೆ ಹಿತ್ತಾಳೆಯ ವಾಷರ್‌ಗಳಿವೆ, ಉಜ್ಜಿದರೆ ಚೆನ್ನಾಗಿ ಹೊಳೆಯುತ್ತವೆ. ಬಣ್ಣ ಹಕ್ಕಳೆಯೇಳುವ ಅಗ್ಗದ ಲೋಹದ ಆಭರಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಮಕ್ಕಳಿಗೆಂದು ಮಾಡುವ ಯಾವುದಕ್ಕೂ ಅದನ್ನು ಬಳಸಬಾರದು. ಹಳೆ ರೇಡಿಯೊ, ಕಂಪ್ಯೂಟರಿನ ಸರ್ಕ್ಯೂಟ್ ಹಲಗೆಗಳನ್ನು ಕತ್ತರಿಸಿ ಓಲೆ ಮಾಡುವುದೂ ಬೇಡ. ಬೆಸುಗೆಯಲ್ಲಿ ಸೀಸವಿರುತ್ತದೆ, ಕತ್ತರಿಸುವಾಗ ಅದರ ಪುಡಿ ಮೂಗಿಗೆ ಹೋಗುತ್ತದೆ.

ಕತ್ತರಿ ಹಾಕುವ ಮುನ್ನ

ಅಜ್ಜಿಯ ರೇಷ್ಮೆ ಸೀರೆಯ ಅಂಚಿಗೆ ಕತ್ತರಿ ಹಾಕುವ ಮೊದಲು ಜರಿ ಅಸಲಿಯೇ ಎಂದು ನೋಡಿ. ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅಂಥ ಸೀರೆಗೆ ಹಳೆಯದಾದರೂ ಬೆಲೆಯಿದೆ, ಜರಿ ಕೊಳ್ಳುವವರೂ ಇದ್ದಾರೆ. ಅಂಚಿನ ತುದಿಯಿಂದ ಒಂದು ಎಳೆ ಜರಿ ಎಳೆದು ಉಗುರಿನಿಂದ ಬಿಡಿಸಿ. ಅಸಲಿಯಾದರೆ ಲೋಹದ ತಗಡಿನಂಥ ಎಳೆ ಸುರುಳಿಯಾಗಿ ಬಿಚ್ಚಿಕೊಂಡು ಒಳಗೆ ಸಾಮಾನ್ಯವಾಗಿ ಕೆಂಪು ಅಥವಾ ಹಳದಿ ರೇಷ್ಮೆ ಕಾಣುತ್ತದೆ. ಅನುಮಾನವಿದ್ದರೆ ಅಕ್ಕಸಾಲಿಗರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ. ಉಡಲು ಇನ್ನೂ ಯೋಗ್ಯವಾಗಿರುವ ಸೀರೆಯನ್ನಂತೂ ದಯವಿಟ್ಟು ಕತ್ತರಿಸಬೇಡಿ. ನೇಯ್ದವರ ಶ್ರಮ ಸೀರೆಯಾಗಿಯೇ ಉಳಿಯುವಷ್ಟು ದಿನ ಉಳಿಯಲಿ.

ಬಟ್ಟೆ ರೇಷ್ಮೆಯೋ ಪಾಲಿಯೆಸ್ಟರೋ ತಿಳಿಯಲು ಒಂದು ನೂಲನ್ನು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಎರಡರಿಂದಲೂ ಸರ ಮಾಡಬಹುದು, ಇಸ್ತ್ರಿಯ ಬಿಸಿ ಎಷ್ಟಿರಬೇಕೆಂಬುದು ಮಾತ್ರ ಇದರ ಮೇಲೆ ನಿಂತಿದೆ. ಮಡಿಕೆಯ ಗೆರೆಯಲ್ಲಿ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಜಗ್ಗಿ. ಚರ್ರೆಂದು ಸೀಳಿದರೆ ಆ ಭಾಗ ಬಿಟ್ಟುಬಿಡಿ.

ರೇಷ್ಮೆಯನ್ನು ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ತೊಳೆದು ನೆರಳಲ್ಲಿ ಒಣಗಿಸಿ. ಹಿತ್ತಾಳೆ ಚೂರುಗಳಿಗೆ ಹುಣಸೆಹಣ್ಣು, ಉಪ್ಪು ಸಾಕು. ಆದರೆ ಅದೇ ಕೈಯಲ್ಲಿ ಮುತ್ತು, ಹವಳ ಮುಟ್ಟಬೇಡಿ. ಅವೆರಡೂ ಸುಣ್ಣದ ಅಂಶದಿಂದಾದವು, ಹುಳಿ ತಾಗಿದರೆ ಹೊಳಪು ಕರಗಿಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಅಂಚಿನ ಮಣಿಸರ

ಕಲಿಯುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಸುಮಾರು 1 ಇಂಚು ಅಗಲದ ಜರಿ ಅಂಚು ಬೇಕು. 12 ಇಂಚು ಉದ್ದದ 11 ಪಟ್ಟಿಗಳು. ಐದೂವರೆ ಮೀಟರ್ ಸೀರೆಯ ಒಂದು ಬದಿಯ ಅಂಚಿನಲ್ಲೇ ಇಷ್ಟು ಸುಲಭವಾಗಿ ಸಿಗುತ್ತದೆ.

ಪಟ್ಟಿಯ ಹಿಂಬದಿಯಲ್ಲಿ ಒಂದು ತುದಿಯ ನಟ್ಟನಡುವೆ ಚುಕ್ಕೆ ಇಡಿ. ಇನ್ನೊಂದು ತುದಿಯ ಎರಡೂ ಮೂಲೆಗಳಿಂದ ಆ ಚುಕ್ಕೆಗೆ ಗೆರೆ ಎಳೆಯಿರಿ, ಉದ್ದನೆಯ ತ್ರಿಕೋನವಾಗುತ್ತದೆ. ಕತ್ತರಿಸುವ ಮೊದಲು ಗೆರೆಯ ಮೇಲೆ ಬೆರಳ ತುದಿಯಿಂದ ಫೆವಿಕಾಲನ್ನು ತೆಳ್ಳಗೆ ಸವರಿ, ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ. ರೇಷ್ಮೆಯ ಕೆಲಸ ಅಚ್ಚುಕಟ್ಟಾಗಿ ಕಾಣುವುದೂ ಕಾಣದಿರುವುದೂ ಈ ಒಂದು ಹಂತದಲ್ಲಿದೆ, ಅವಸರ ಮಾಡಬೇಡಿ.

ಇಂಕು ಮುಗಿದ ಬಾಲ್‌ಪೆನ್ ರೀಫಿಲ್ ಒಂದನ್ನು ತೊಳೆದಿಟ್ಟುಕೊಳ್ಳಿ. ಪಟ್ಟಿಯ ಅಗಲದ ತುದಿಯನ್ನು ಅದರ ಮೇಲಿಟ್ಟು, ಜರಿ ಹೊರಗೆ ಕಾಣುವಂತೆ ಸುತ್ತಲು ಶುರುಮಾಡಿ. ಮೊದಲ ಸುತ್ತಿಗೆ ಅಂಟು ಬೇಡ, ಹಾಕಿದರೆ ರೀಫಿಲ್ಲಿಗೇ ಕಚ್ಚಿಕೊಳ್ಳುತ್ತದೆ. ಎರಡನೇ ಸುತ್ತಿನಿಂದ ನಡುವೆ ಸಣ್ಣ ಸಣ್ಣ ಚುಕ್ಕೆ ಅಂಟು ಹಾಕುತ್ತ, ಎಡಕ್ಕೂ ಬಲಕ್ಕೂ ಒಂದೇ ಸಮ ಜಾಗ ಉಳಿಯುವಂತೆ ಬಿಗಿಯಾಗಿ ಸುತ್ತಿ. ಸುತ್ತಿದಂತೆ ಪಟ್ಟಿ ಕಿರಿದಾಗುತ್ತ ಬಂದು, ನಡು ಉಬ್ಬಿ ತುದಿ ಸಣ್ಣಗಾದ ಪುಟ್ಟ ಮದ್ದಳೆಯಂಥ ಮಣಿ ರೂಪುಗೊಳ್ಳುತ್ತದೆ. ಚೂಪು ತುದಿಯನ್ನು ಅಂಟಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಚಿನಿಂದ ಎಳೆದಿಟ್ಟ ಜರಿಯನ್ನು ನಡುವಿಗೆ ನಾಲ್ಕು ಸುತ್ತು ಸುತ್ತಿದರೆ ಅಂದವೂ ಹೆಚ್ಚುತ್ತದೆ, ತುದಿಯೂ ಏಳುವುದಿಲ್ಲ. ರೀಫಿಲ್ಲಿನಿಂದ ಮೆಲ್ಲಗೆ ಜಾರಿಸಿ ತೆಗೆದು ರಾತ್ರಿಯಿಡೀ ಒಣಗಲು ಬಿಡಿ.

ಮಣಿ ಗಟ್ಟಿಯಾಗಲೆಂದು ಕೆಲವರು ಮೇಲೆ ನೀರು ಬೆರೆಸಿದ ಫೆವಿಕಾಲ್ ಬಳಿಯುತ್ತಾರೆ. ಅದರಿಂದ ರೇಷ್ಮೆಯ ಬಣ್ಣ ಕಂದಬಹುದು. ಮೊದಲು ಚೂರೊಂದರ ಮೇಲೆ ಬಳಿದು ನೋಡಿ.

ಪೋಣಿಸಲು ಮೇಣ ಹಚ್ಚಿದ ಹತ್ತಿ ದಾರ ಒಳ್ಳೆಯದು. ದಾರದ ತುದಿಯನ್ನು ಗಟ್ಟಿಯಾದ ಪುಟ್ಟ ರಿಂಗಿಗೆ ಮೂರು ಗಂಟು ಹಾಕಿ ಕಟ್ಟಿ, ಉಳಿದ ಬಾಲವನ್ನು ಮೊದಲ ಎರಡು ಮಣಿಗಳೊಳಗೆ ತೂರಿಸಿ ಮುಚ್ಚಿಬಿಡಿ. ಮರದ ಸಣ್ಣ ಮಣಿ ಒಂದು, ಬಟ್ಟೆಯ ಮಣಿ ಒಂದು, ಹೀಗೆ 11 ಬಟ್ಟೆ ಮಣಿ ಮುಗಿದು ಕೊನೆಗೆ ಮರದ ಮಣಿ ಬರಲಿ. ಆ ತುದಿಗೂ ಹೀಗೆಯೇ ಒಂದು ರಿಂಗು ಕಟ್ಟಿ. ಮುಂಭಾಗ ಸುಮಾರು ಒಂದಡಿಗೂ ಚೂರು ಹೆಚ್ಚಾಗುತ್ತದೆ. ಹಿಂಭಾಗಕ್ಕೆ ಹಳೆ ಬ್ಲೌಸಿನ ಡೋರಿ ಬಿಚ್ಚಿ ಎರಡೂ ರಿಂಗುಗಳಿಗೆ ಕಟ್ಟಿ. ಅದರ ತುದಿಯಲ್ಲಿ ಗೊಂಡೆ ಮೊದಲೇ ಇದ್ದರೆ ಇನ್ನೂ ಚೆನ್ನ. ಡೋರಿಯಾದರೆ ಉದ್ದ ಬೇಕಾದಂತೆ ಹೊಂದಿಸಿಕೊಳ್ಳಬಹುದು, ಕುತ್ತಿಗೆಗೆ ಲೋಹವೂ ತಾಗುವುದಿಲ್ಲ.

ಪದಕ ಬೇಕೆನ್ನುವವರಿಗೆ ಒಂದು ಒಳ್ಳೆಯ ಮಾದರಿ ನಮ್ಮ ಉತ್ತರ ಕನ್ನಡದಲ್ಲೇ ಇದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆ ಬಟ್ಟೆಯ ಕೌದಿಯ ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಪುಟ್ಟ ಬಟ್ಟೆಯ ಹೂಗಳನ್ನು ಹೊಲಿಯುತ್ತಾರೆ. ಅವಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾಗುವುದಿಲ್ಲ. ಅದೇ ಮಡಿಕೆಯಿಂದ ಪದಕ ಮಾಡಬಹುದು. ಖಣದ ಒಂದೂವರೆ ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಮ್ಮೆ ಮಡಚಿ ಇಸ್ತ್ರಿ ಒತ್ತಿ. ದರ್ಜಿಗಳು ಕಾಲರಿಗೆ ಬಳಸುವ ಪೇಸ್ಟಿಂಗ್ ಕ್ಯಾನ್ವಾಸನ್ನು ಎರಡು ಪದರವಾಗಿ ಅಂಟಿಸಿ, ಒಂದೂವರೆ ಇಂಚಿನ ಬಿಲ್ಲೆ ಕತ್ತರಿಸಿ. ಅದರ ಸುತ್ತ 8 ತ್ರಿಕೋನಗಳನ್ನು ಚೂಪು ಹೊರಗೆ ಬರುವಂತೆ, ಒಂದರ ಮೇಲೊಂದು ಹತ್ತಿಸಿ ಹೊಲಿಯಿರಿ. ಒಳಗೆ ಸಣ್ಣ ಅಳತೆಯ ಇನ್ನೊಂದು ಸುತ್ತು, ನಡುವೆ ಹಳೆ ಕೋಟಿನ ಗುಂಡಿ. ಹಿಂದಕ್ಕೆ ಸಾದಾ ಬಟ್ಟೆ ಹೊಲಿದರೆ ಕುತ್ತಿಗೆಗೆ ನೂಲು ಚುಚ್ಚುವುದಿಲ್ಲ.

ಹರಿದ ಸರ ಮತ್ತೆ ಪೋಣಿಸುವಾಗ

ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ. ಸ್ಟೀಲ್ ತಟ್ಟೆಯಲ್ಲಿ ಟವೆಲ್ ಹಾಸಿ ಅದರ ಮೇಲೆ ಮಣಿ ಜೋಡಿಸಿದರೆ ಉರುಳಿ ಹೋಗುವುದಿಲ್ಲ. ದೊಡ್ಡ ಮಣಿ ನಡುವೆ, ಎರಡೂ ಕಡೆಗೆ ಇಳಿಯುತ್ತ ಹೋಗಲಿ. ಮುತ್ತು, ಸ್ಫಟಿಕದಂಥ ಬೆಲೆಯ ಮಣಿಗಳಾದರೆ ಪ್ರತಿ ಮಣಿಯ ನಂತರ ಒಂದು ಗಂಟು ಹಾಕಿ. ಗಂಟಿನ ಕುಣಿಕೆಯೊಳಗೆ ಸೂಜಿ ಇಟ್ಟು, ಅದನ್ನು ಮಣಿಯ ಬುಡದವರೆಗೂ ನೂಕಿ, ಅಲ್ಲಿಯೇ ಬಿಗಿದು ಸೂಜಿ ತೆಗೆದರೆ ಗಂಟು ಸರಿಯಾದ ಜಾಗದಲ್ಲಿ ಕೂರುತ್ತದೆ. ದಾರ ಎಂದಾದರೂ ಹರಿದರೂ ಒಂದೇ ಮಣಿ ಬೀಳುತ್ತದೆ, ಮಣಿಗೆ ಮಣಿ ತಿಕ್ಕಿ ಸವೆಯುವುದೂ ಇಲ್ಲ. ಇದಕ್ಕೆ ದಾರ ಸರದ ಉದ್ದದ ನಾಲ್ಕು ಪಟ್ಟು ಇರಲಿ. ಹರಳಿನ ಮಣಿಗಳ ತೂತಿನ ಅಂಚು ಹರಿತವಾಗಿರುತ್ತದೆ, ಅಲ್ಲಿ ಮಾತ್ರ ತೆಳು ದಾರ ಬೇಡ.

ಜಂಪ್ ರಿಂಗ್ ತೆರೆಯುವ ರೀತಿಯನ್ನು ಕೈಗೆ ಅಭ್ಯಾಸ ಮಾಡಿಸಲೇಬೇಕು. ಬಾಯಿಯ ಎರಡೂ ಬದಿ ಎರಡು ಇಕ್ಕಳದಿಂದ ಹಿಡಿದು ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ. ಅಗಲಕ್ಕೆ ಜಗ್ಗಿದರೆ ಉಂಗುರದ ದುಂಡು ಕೆಟ್ಟು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಮುಚ್ಚುವಾಗ ಎರಡು ತುದಿ ತಾಗಿದ ಸಣ್ಣ ಟಿಕ್ ಸದ್ದು ಬರಬೇಕು. ಉಗುರು ಆಡಿಸಿದರೆ ಸಂದು ಸಿಗಬಾರದು.

ಬಳೆ, ಓಲೆ, ತೋರಣ

ಹೊಳಪು ಹೋದ ಪ್ಲಾಸ್ಟಿಕ್ ಅಥವಾ ಲೋಹದ ಬಳೆಯನ್ನು ಮರಳು ಕಾಗದದಿಂದ ತಿಕ್ಕಿ ಒರಟು ಮಾಡಿ. ಬಟ್ಟೆಯನ್ನು ಓರೆಯಾಗಿ, ದರ್ಜಿಗಳು ಹೇಳುವ ಕ್ರಾಸ್ ಪೀಸಿನಂತೆ, ಮುಕ್ಕಾಲು ಇಂಚು ಅಗಲಕ್ಕೆ ಕತ್ತರಿಸಿ. ಓರೆ ಬಟ್ಟೆ ಹಿಗ್ಗುವುದರಿಂದ ದುಂಡಿಗೆ ಸುಕ್ಕಿಲ್ಲದೆ ಕೂರುತ್ತದೆ. ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತುತ್ತ ಹೋಗಿ, ತುದಿಯನ್ನು ಒಳಮೈಯಲ್ಲಿ ಅಂಟಿಸಿ. ಗಾಜಿನ ಬಳೆಗೆ ಸುತ್ತಬೇಡಿ, ಒಳಗೇ ಒಡೆದರೆ ತಿಳಿಯುವುದಿಲ್ಲ. ಒಡೆದ ಗಾಜಿನ ಬಳೆ ಮೈಗೆ ತಾಗುವ ಯಾವುದಕ್ಕೂ ಸಲ್ಲದು. ಚೂರುಗಳ ಅಂಚನ್ನು ಉಜ್ಜುವ ಕಲ್ಲಿಗೆ ಒದ್ದೆಯಾಗಿ ಉಜ್ಜಿ, ಕೈಗೆ ಎಟುಕದ ಎತ್ತರದ ತೋರಣಕ್ಕೆ ಬಳಸಬಹುದು.

ಓಲೆಗೆ ಒಂದೇ ಜೋಡಿಯ ಎರಡು ಗುಂಡಿ ಬೇಕೆಂದಿಲ್ಲ. ತೂಕ ಸಮನಾಗಿದ್ದರೆ ಬಣ್ಣ ಬೇರೆಯಾದರೂ ಕಿವಿಗೆ ಒಪ್ಪುತ್ತದೆ. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬೆಳ್ಳಿಯದಾಗಿರಲಿ. ಅಗ್ಗದ ಕೊಕ್ಕೆಯ ನಿಕಲ್ ಬಹಳ ಜನರ ಕಿವಿಗೆ ಆಗಿಬರುವುದಿಲ್ಲ, ತುರಿಕೆ, ಕೀವು ಶುರುವಾಗುತ್ತದೆ. ಇನ್ನು ಅಂಚು ತೆಗೆದ ಮೇಲೆ ಉಳಿದ ಸೀರೆಯ ಒಡಲನ್ನು ಕೌದಿ ಹೊಲಿಯುವವರಿಗೆ ಕೊಡಿ.

ಮಾರುವುದಾದರೆ

ಹಳೆ ಬಟ್ಟೆ ಬಿಟ್ಟಿ ಸಿಕ್ಕಿತೆಂದು ಒಡವೆಯನ್ನೂ ಬಿಟ್ಟಿಯಂತೆ ಕೊಡಬೇಡಿ. ದಾರ, ಕೊಕ್ಕೆ, ಅಂಟಿನ ಖರ್ಚಿಗೆ ಕುಳಿತ ಗಂಟೆಗಳ ಕೂಲಿ ಸೇರಿಸಿ ಬೆಲೆ ಕಟ್ಟಿ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಕೂಲಿಯ ಲೆಕ್ಕವೇ ಇಡದ ಹೆಂಗಸರು ನಮ್ಮಲ್ಲಿ ತುಂಬ ಮಂದಿ, ಅದು ಬದಲಾಗಬೇಕು. ಕೊಳ್ಳುವವರಿಗೆ ಬಟ್ಟೆ ಹಳೆಯದೆಂದು ಮುಚ್ಚಿಡಬೇಡಿ, ಪರೀಕ್ಷಿಸದ ಜರಿಯನ್ನು ಬೆಳ್ಳಿ ಜರಿ ಎನ್ನಬೇಡಿ. ನೀರು, ಸೆಂಟು ತಾಗಿಸಬಾರದೆಂದು ಒಂದು ಚೀಟಿಯಲ್ಲಿ ಬರೆದು, ಸಣ್ಣ ಕೈಚೀಲಕ್ಕೆ ಹಾಕಿ ಕೊಡಿ. ಅದರ ಜತೆಗೆ ಅದೇ ಅಂಚಿನ ಎರಡು ಮಣಿಗಳನ್ನೂ ಹೆಚ್ಚುವರಿಯಾಗಿ ಇಡಿ. ಒಂದು ಕಳೆದುಹೋದರೆ ಆ ಬಣ್ಣದ ಮತ್ತೊಂದು ಎಲ್ಲೂ ಸಿಗುವುದಿಲ್ಲ.